ಶೇಕಡಾ ಎಪ್ಪತ್ತರ ಲೆಕ್ಕ

ರಾಜ್ಯ ಪುನರ್ವಿಂಗಡಣಾ ಆಯೋಗದ ವರದಿಯನ್ನು ನಮ್ಮಲ್ಲಿ ಬೈದವರು ಬಹಳ, ಓದಿದವರು ಕಡಿಮೆ. ಫಜಲ್ ಅಲಿ ವರದಿ ಅಂದರೆ ಕಾಸರಗೋಡು ಕಳೆದ ವರದಿ, ಅಷ್ಟೇ, ಮುಂದೆ ಮಾತಿಲ್ಲ. ನಾನು ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿದ್ದು ನಿವೃತ್ತಿಯಾದ ಮೇಲೆ, ಪುಣೆಯ ಒಂದು ಮಳೆಗಾಲದಲ್ಲಿ. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಸಾಲದ ಅರ್ಜಿಗಳ ಮೇಲೆ ಟಿಪ್ಪಣಿ ಬರೆದು, ಇನ್ನೊಬ್ಬರು ಬರೆದದ್ದನ್ನು ತಪಾಸಣೆ ಮಾಡಿ ಕಳೆದವನಿಗೆ ಒಂದು ಚಾಳಿ ಅಂಟಿಕೊಂಡಿರುತ್ತದೆ. ಮೊದಲು ನಿಯಮ ಏನೆಂದು ನೋಡುವುದು, ಆಮೇಲೆ ಮಂಜೂರಾತಿ ನೋಡುವುದು, ಎರಡಕ್ಕೂ ತಾಳೆಯಾಗುತ್ತದೋ ಇಲ್ಲವೋ ನೋಡುವುದು. ತಾಳೆಯಾಗದಿದ್ದರೆ ಅದಕ್ಕೆ ಕಾರಣ ಬರೆದಿದ್ದಾರೆಯೇ ಅಂತ ಹುಡುಕುವುದು. ಈ ವರದಿಯನ್ನೂ ನಾನು ಹಾಗೆಯೇ ಓದಿದೆ. ಸಾಹಿತ್ಯ ವಿಮರ್ಶಕರು ಇದನ್ನು ವಿಮರ್ಶೆ ಅನ್ನುತ್ತಾರೋ ಇಲ್ಲವೋ ಗೊತ್ತಿಲ್ಲ. ಆದರೆ ಇಷ್ಟು ಕೋಟಿ ಜನರ ವಿಳಾಸ ಬದಲಾಯಿಸಿದ ಇನ್ನೊಂದು ಪುಸ್ತಕ ನಮ್ಮ ದೇಶದಲ್ಲಿ ಸುಲಭಕ್ಕೆ ಸಿಗಲಾರದು. ಅಂಥದಕ್ಕೆ ವಿಮರ್ಶೆ ಬೇಡವೇ?

ಹೊರನಾಡ ಬದುಕಿನ ಈ ಪುಸ್ತಕಕ್ಕೆ ಈ ವಿಷಯ ಏಕೆ ಅಂತ ಓದುಗರು ಕೇಳಬಹುದು. ನನ್ನಂಥವರು ಹೊಟ್ಟೆಪಾಡಿಗೆ, ವರ್ಗಾವಣೆಗೆ, ಮಕ್ಕಳ ಓದಿಗೆ ಊರು ಬಿಟ್ಟವರು. ರೈಲು ಹತ್ತಿದ್ದು ನಾವೇ. ಆದರೆ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಆದವಾನಿ, ರಾಯದುರ್ಗ, ಕಾಸರಗೋಡು ಈ ಕಡೆಯ ಲಕ್ಷಾಂತರ ಜನ ಹೊಸ್ತಿಲು ಸಹ ದಾಟದೆ ಹೊರನಾಡಿಗರಾದವರು. ಅವರು ಎಲ್ಲಿಯೂ ಹೋಗಲಿಲ್ಲ, ಗೆರೆ ಅವರ ಹಿತ್ತಲಿಗೆ ಬಂತು. ಹೊರನಾಡ ಕನ್ನಡಿಗರು ಅಂದಕೂಡಲೆ ಮುಂಬಯಿಯ ಸಂಘ, ದೆಹಲಿಯ ಶಾಲೆ ನೆನಪಾಗುತ್ತವೆಯೇ ಹೊರತು ಇವರು ನೆನಪಾಗುವುದಿಲ್ಲ.

ಮೊದಲು ವರದಿಗೆ ಸಲ್ಲಬೇಕಾದ್ದನ್ನು ಸಲ್ಲಿಸೋಣ. ಭಾಷಾವಾರು ಪ್ರಾಂತ ಬೇಡ ಅಂತ 1948ರಲ್ಲಿ ಧರ್ ಆಯೋಗ ಹೇಳಿತ್ತು. ಸದ್ಯಕ್ಕೆ ಬೇಡ ಅಂತ 1949ರಲ್ಲಿ ಜವಾಹರಲಾಲ್, ವಲ್ಲಭಭಾಯಿ, ಪಟ್ಟಾಭಿ ಮೂವರ ಸಮಿತಿ ಹೇಳಿತು. 1952ರ ಡಿಸೆಂಬರ್ 15ರಂದು ಪೊಟ್ಟಿ ಶ್ರೀರಾಮುಲು 58 ದಿನ ಉಪವಾಸವಿದ್ದು ತೀರಿಕೊಂಡ ಮೇಲೆ ಈ ಮುಂದೂಡಿಕೆ ನಡೆಯಲಿಲ್ಲ. 1953ರ ಅಕ್ಟೋಬರ್ 1ಕ್ಕೆ ಆಂಧ್ರ ರಾಜ್ಯವಾಯಿತು, ಆ ವರ್ಷದ ಡಿಸೆಂಬರಿನಲ್ಲಿ ಈ ಆಯೋಗ ಬಂತು. ಫಜಲ್ ಅಲಿ ಅಧ್ಯಕ್ಷರು, ಹೃದಯನಾಥ ಕುಂಜ್ರು ಮತ್ತು ಕೆ.ಎಂ. ಪಣಿಕ್ಕರ್ ಸದಸ್ಯರು. ಒಂದೂವರೆ ಲಕ್ಷಕ್ಕೂ ಮೀರಿ ಮನವಿಗಳು ಬಂದವು. ಅದರಲ್ಲಿ ಸರಿಯಾಗಿ ಯೋಚಿಸಿ ಬರೆದವು ಸುಮಾರು ಎರಡು ಸಾವಿರ, ಉಳಿದವೆಲ್ಲ ತಂತಿ, ಅಚ್ಚು ಹಾಕಿಸಿದ ಠರಾವು ಇಂಥವು. (ಈ ಪ್ರಮಾಣ ಬ್ಯಾಂಕಿನ ಅರ್ಜಿಗಳಿಗೂ ಹೆಚ್ಚು ಕಡಿಮೆ ಸರಿಹೊಂದುತ್ತದೆ.) ಸದಸ್ಯರು 104 ಸ್ಥಳಗಳಿಗೆ ಹೋಗಿ, 38,000 ಮೈಲಿ ಸುತ್ತಿ, ಒಂಬತ್ತು ಸಾವಿರಕ್ಕೂ ಹೆಚ್ಚು ಜನರ ಮಾತು ಕೇಳಿ, 1955ರ ಸೆಪ್ಟೆಂಬರ್ 30ರಂದು ವರದಿ ಒಪ್ಪಿಸಿದರು. ಎರಡು ವರ್ಷವೂ ಹಿಡಿಯಲಿಲ್ಲ. ಇವತ್ತು ಒಂದು ಫ್ಲೈಓವರಿನ ವರದಿಗೆ ಇದಕ್ಕಿಂತ ಹೆಚ್ಚು ಕಾಲ ಬೇಕು.

ಬರವಣಿಗೆಯೂ ಒಳ್ಳೆಯದು. ಸರ್ಕಾರಿ ವರದಿಗಳ ಅಡ್ಡಗೋಡೆಯ ಮೇಲಿನ ದೀಪದ ಭಾಷೆ ಇದರಲ್ಲಿ ಕಡಿಮೆ. ಎರಡು ಕಡೆಯ ವಾದವನ್ನು ಹೇಳಿ, ನಾವು ಇದನ್ನು ಒಪ್ಪುತ್ತೇವೆ, ಅದನ್ನು ಒಪ್ಪುವುದಿಲ್ಲ ಅಂತ ನೇರವಾಗಿ ಬರೆಯುತ್ತಾರೆ. ಬಿಹಾರದೊಡನೆ ತಮಗೆ ಬಹುಕಾಲದ ಸಂಬಂಧವಿದೆ ಅಂತ ಬಿಹಾರದ ಗಡಿ ತಂಟೆಗಳ ತೀರ್ಮಾನದಿಂದ ಅಧ್ಯಕ್ಷರು ದೂರ ನಿಂತರು. ಈ ಒಂದು ನಡೆಗೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಹತ್ತಿರದವರ ಸಾಲದ ಕಾಗದಕ್ಕೆ ಸಹಿ ಹಾಕಬಾರದು ಅನ್ನುವುದು ನಮಗೆ ನೌಕರಿಯ ಮೊದಲ ಪಾಠ. ಅದೇ ಅಳತೆಯನ್ನು ಕೇರಳದ ಗಡಿಗೂ ಹಿಡಿಯಬೇಕಿತ್ತಲ್ಲ, ಪಣಿಕ್ಕರ್ ಮಲಯಾಳಿಗಳಲ್ಲವೇ ಅಂತ ಕಾಸರಗೋಡಿನ ಕನ್ನಡಿಗರು ಆಗಿನಿಂದ ಕೇಳುತ್ತ ಬಂದಿದ್ದಾರೆ. ಪಣಿಕ್ಕರ್ ಪಕ್ಷಪಾತ ಮಾಡಿದರು ಅನ್ನಲು ನನ್ನ ಬಳಿ ಪುರಾವೆಯಿಲ್ಲ, ಅನ್ನುವುದೂ ಇಲ್ಲ. ಆದರೆ ಅಧ್ಯಕ್ಷರು ಹಾಕಿಕೊಂಡ ನಿಯಮ ಸದಸ್ಯರಿಗೇಕೆ ಬೇಡವಾಯಿತು ಅನ್ನುವ ಪ್ರಶ್ನೆಗೆ ಪುರಾವೆ ಬೇಕಾಗಿಲ್ಲ.

ಇನ್ನು ನಿಯಮಕ್ಕೆ ಬರೋಣ. ಒಂದು ಭಾಷೆಗೆ ಒಂದು ರಾಜ್ಯ ಅನ್ನುವ ತತ್ವವನ್ನು ಆಯೋಗ ಒಪ್ಪಲಿಲ್ಲ. ಭಾಷೆ ಮುಖ್ಯ, ಆದರೆ ಅದೊಂದೇ ಅಲ್ಲ. ಆಡಳಿತದ ಅನುಕೂಲ, ಹಣಕಾಸು, ದೇಶದ ಐಕ್ಯ ಎಲ್ಲವನ್ನೂ ತೂಗಬೇಕು ಅಂದಿತು. ಗಡಿ ಹಾಕುವಾಗ ಸಾಮಾನ್ಯವಾಗಿ ಜಿಲ್ಲೆಯನ್ನು ಘಟಕವಾಗಿ ಹಿಡಿಯಬೇಕು, ಹಳ್ಳಿ ಹಳ್ಳಿ ಕತ್ತರಿಸಬಾರದು ಅಂದಿತು. ಭಾಷಾ ಅಲ್ಪಸಂಖ್ಯಾತರ ರಕ್ಷಣೆಯ ಭಾಗದಲ್ಲಿ ಒಂದು ಅಂಕಿ ಕೊಟ್ಟಿತು: ಶೇಕಡಾ ಎಪ್ಪತ್ತು. ಒಂದು ಭಾಷೆಯವರು ಸುಮಾರು ಶೇಕಡಾ 70 ಇದ್ದರೆ ಮಾತ್ರ ಆ ರಾಜ್ಯವನ್ನು ಏಕಭಾಷಿಕ ಅನ್ನಬಹುದು. ಅಲ್ಪಸಂಖ್ಯಾತರು ಶೇಕಡಾ 30 ದಾಟಿದ್ದರೆ ಆಡಳಿತದ ಮಟ್ಟಿಗೆ ಅದು ದ್ವಿಭಾಷಿಕ. ಜಿಲ್ಲೆಯ ಮಟ್ಟಕ್ಕೂ ಇದೇ ಅಳತೆ. ರಾಜ್ಯದ ಮಟ್ಟದಲ್ಲಿ ಅಲ್ಪಸಂಖ್ಯಾತರಾದವರು ಒಂದು ಜಿಲ್ಲೆಯಲ್ಲಿ ಶೇಕಡಾ 70 ಇದ್ದರೆ ಆ ಜಿಲ್ಲೆಯ ಆಡಳಿತ ಅವರ ಭಾಷೆಯಲ್ಲಿ ನಡೆಯಬೇಕು.

ನಿಯಮ ಚೆನ್ನಾಗಿದೆ. ಈಗ ಮಂಜೂರಾತಿ ನೋಡಿ.

ಜಿಲ್ಲೆಯೇ ಘಟಕ ಅಂದವರು ದಕ್ಷಿಣ ಕನ್ನಡದಿಂದ ಕಾಸರಗೋಡು ತಾಲೂಕನ್ನು ಬಿಡಿಸಿ ಕೇರಳಕ್ಕೆ ಕೊಟ್ಟರು. ಬೆಳಗಾವಿಯಿಂದ ಚಂದಗಡವನ್ನು ಬಿಡಿಸಿ ಮುಂಬಯಿ ರಾಜ್ಯಕ್ಕೆ ಕೊಟ್ಟರು. ಚಂದಗಡ ಬಹುಮಟ್ಟಿಗೆ ಮರಾಠಿ, ಅದರಲ್ಲಿ ತಕರಾರಿಲ್ಲ. ಆದರೆ ಕಾಸರಗೋಡಿನಲ್ಲಿ ಒಡಕು ತಾಲೂಕಿನ ಒಳಗೇ ಇತ್ತು. ಚಂದ್ರಗಿರಿ ಹೊಳೆಯ ತೆಂಕಣ ದಂಡೆಯ ಲೆಕ್ಕ ಬೇರೆ, ಬಡಗಣ ದಂಡೆಯ ಲೆಕ್ಕ ಬೇರೆ. ಜಿಲ್ಲೆಯನ್ನು ಒಮ್ಮೆ ಒಡೆದ ಮೇಲೆ ಹೊಳೆಯ ತನಕ ಒಡೆಯಲು ಏನು ಅಡ್ಡಿ? ಘಟಕ ಜಿಲ್ಲೆಯಾಗಿದ್ದರೆ ಕಾಸರಗೋಡು ದಕ್ಷಿಣ ಕನ್ನಡದಲ್ಲೇ ಉಳಿಯಬೇಕಿತ್ತು, ಜನರ ಮಾತಾಗಿದ್ದರೆ ಚಂದ್ರಗಿರಿಯೇ ಗಡಿಯಾಗಬೇಕಿತ್ತು. ತಾಲೂಕು ಅನ್ನುವ ನಡುವಿನ ಅಳತೆ ಎಲ್ಲಿಂದ ಬಂತು ಅನ್ನುವುದಕ್ಕೆ ವರದಿಯಲ್ಲಿ ನನಗೆ ತೃಪ್ತಿಯಾಗುವ ಉತ್ತರ ಸಿಗಲಿಲ್ಲ. ಕಯ್ಯಾರ ಕಿಞ್ಞಣ್ಣ ರೈಗಳು 2015ರಲ್ಲಿ ನೂರು ತುಂಬಿ ತೀರಿಕೊಳ್ಳುವ ತನಕ ಈ ಪ್ರಶ್ನೆಯನ್ನು ಬಿಡಲಿಲ್ಲ.

ಬಳ್ಳಾರಿಯದು ಇನ್ನೂ ವಿಚಿತ್ರ. ಆಂಧ್ರ ರಾಜ್ಯವಾದಾಗ ಆದವಾನಿ, ಆಲೂರು, ರಾಯದುರ್ಗ ಆ ಕಡೆಗೆ ಹೋದವು. ತಂಟೆಯಿದ್ದ ಬಳ್ಳಾರಿ ತಾಲೂಕನ್ನು ನ್ಯಾಯಮೂರ್ತಿ ಮಿಶ್ರ ಅವರು ವಿಚಾರಣೆ ಮಾಡಿ ಮೈಸೂರಿಗೆ ಕೊಟ್ಟಿದ್ದರು. ಅದರ ಮಸಿ ಒಣಗಿ ಎರಡೂವರೆ ವರ್ಷವೂ ಆಗಿರಲಿಲ್ಲ. ಈ ಆಯೋಗ ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ ತಾಲೂಕುಗಳನ್ನು ಮತ್ತು ಮಲ್ಲಾಪುರ ಉಪತಾಲೂಕಿನ ಸ್ವಲ್ಪ ಭಾಗವನ್ನು ಆಂಧ್ರಕ್ಕೆ ಕೊಡಿ ಅಂತ ಬರೆಯಿತು! ಮುಖ್ಯ ಕಾರಣ ತುಂಗಭದ್ರಾ ಅಣೆಕಟ್ಟಿನ ಆಡಳಿತ. ಹಂಪಿಯಿರುವ ಹೊಸಪೇಟೆ ಆಂಧ್ರಕ್ಕೆ. ಸರ್ಕಾರ ಅದನ್ನು ಒಪ್ಪಲಿಲ್ಲ, ಆದ್ದರಿಂದ ಇವತ್ತು ಯಾರಿಗೂ ನೆನಪಿಲ್ಲ. ಬೀದರ ಜಿಲ್ಲೆಯನ್ನೂ ತೆಲಂಗಾಣದ ಜೊತೆ ಹೈದರಾಬಾದ್ ರಾಜ್ಯದಲ್ಲೇ ಬಿಡಬೇಕೆಂದಿತ್ತು, ಅದೂ ನಡೆಯಲಿಲ್ಲ.

ಇಲ್ಲಿಯವರೆಗೆ ಓದಿದ ಊರ ಕಡೆಯ ಓದುಗರು, ಸರಿ, ನಮಗೆ ಅನ್ಯಾಯವಾಗಿದೆ ಅಂತ ತಲೆಯಾಡಿಸುತ್ತಿರಬಹುದು. ಸ್ವಲ್ಪ ತಡೆಯಿರಿ. ಖಾತೆಯ ಒಂದೇ ಬದಿ ನೋಡಿ ಬಾಕಿ ಹೇಳಲಾಗುವುದಿಲ್ಲ. ಕೋಲಾರ ಜಿಲ್ಲೆಯಲ್ಲಿ ಆಗ ತೆಲುಗು ಮಾತಾಡುವವರೇ ಹೆಚ್ಚಿದ್ದರು, ಅದು ನಮ್ಮಲ್ಲಿ ಉಳಿಯಿತು. ಕೊಡಗಿನಲ್ಲಿ ಕನ್ನಡದವರದು ದೊಡ್ಡ ಗುಂಪು ಹೌದು, ಬಹುಮತ ಅಲ್ಲ. ಅದು ನಮಗೆ ಬಂತು. ದಕ್ಷಿಣ ಕನ್ನಡದಲ್ಲಿ ತುಳುವನ್ನು ಯಾವ ಕಡೆಯ ಲೆಕ್ಕಕ್ಕೆ ಹಿಡಿಯಬೇಕು ಅನ್ನುವ ಪ್ರಶ್ನೆಯನ್ನು ತುಳುವರನ್ನು ಕೇಳಿ ಬಿಡಿಸಿದಂತೆ ಕಾಣುವುದಿಲ್ಲ. ಬೆಳಗಾವಿ ನಗರ ನಮ್ಮಲ್ಲಿ ಉಳಿದದ್ದೂ ಬರೀ ತಲೆ ಎಣಿಸಿ ಅಲ್ಲ. ಸುತ್ತಲಿನ ಪ್ರದೇಶದ ಜೊತೆ ಅದಕ್ಕಿರುವ ಆಡಳಿತದ, ವ್ಯಾಪಾರದ ನಂಟು ನೋಡಿ. ಹೊಸಪೇಟೆಯಲ್ಲಿ ನಮಗೆ ಮುಳುವಾಗಬೇಕಿದ್ದ ವಾದವೇ ಬೆಳಗಾವಿಯಲ್ಲಿ ನಮ್ಮನ್ನು ಕಾಯಿತು. ಏಕೀಕರಣದ ಬಗ್ಗೆ ನಮ್ಮಲ್ಲಿ ಬಂದ ಪುಸ್ತಕಗಳನ್ನು ನಾನು ಸಾಕಷ್ಟು ಓದಿದ್ದೇನೆ. ಹೆಚ್ಚಿನವು 1956ರ ನವೆಂಬರ್ 1ಕ್ಕೆ ಬಂದು ಮಂಗಳಾರತಿ ಎತ್ತಿಬಿಡುತ್ತವೆ. ಕೊನೆಗೊಂದು ಪಟ್ಟಿ: ಕಳೆದುಕೊಂಡ ಪ್ರದೇಶಗಳು. ವಸೂಲಾಗದ ಸಾಲವನ್ನು ಬೇರೆ ಪುಸ್ತಕಕ್ಕೆ ತೆಗೆದು ಬರೆದ ಹಾಗೆ. ಉಳಿದುಕೊಂಡ ಪ್ರದೇಶಗಳು ಅಂತ ಇನ್ನೊಂದು ಪಟ್ಟಿಯನ್ನು ನಾನು ಯಾವುದರಲ್ಲಿಯೂ ಕಾಣಲಿಲ್ಲ. ಕಳೆದ ಪಟ್ಟಿಯಲ್ಲಿಯೂ ಹಳ್ಳಿಗಳಿವೆ, ಚದರ ಮೈಲಿಗಳಿವೆ, ಮನುಷ್ಯರಿಲ್ಲ.

ಮಹಾಜನ ವರದಿಯ ಪಾಡೂ ಇದೇ. ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಾಗಿದ್ದ ಮೆಹರ್‌ಚಂದ್ ಮಹಾಜನ್ ಅವರನ್ನು 1966ರಲ್ಲಿ ನೇಮಿಸಿದರು, 1967ರಲ್ಲಿ ವರದಿ ಬಂತು. ಮಹಾರಾಷ್ಟ್ರ ಕೇಳಿದ್ದು 814 ಹಳ್ಳಿ ಮತ್ತು ಬೆಳಗಾವಿ. ಮಹಾಜನರು ಬೆಳಗಾವಿ ಕೊಡಲಿಲ್ಲ. 264 ಹಳ್ಳಿ ಆ ಕಡೆಗೆ, 247 ಹಳ್ಳಿ ಈ ಕಡೆಗೆ ಅಂದರು. ಕಾಸರಗೋಡಿನಲ್ಲಿ ಚಂದ್ರಗಿರಿ, ಪಯಸ್ವಿನಿ ಹೊಳೆಗಳ ಉತ್ತರದ ಭಾಗ ಮೈಸೂರಿಗೆ ಅಂದರು. ಮಹಾರಾಷ್ಟ್ರ ಒಪ್ಪಲಿಲ್ಲ, ಕೇರಳ ಒಪ್ಪಲಿಲ್ಲ, ಪಾರ್ಲಿಮೆಂಟು ಕಾನೂನು ಮಾಡಲಿಲ್ಲ. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು. ಮಹಾಜನ ವರದಿಯೇ ಅಂತಿಮ ಅಂತ ನಮ್ಮ ಗೋಡೆಗಳ ಮೇಲೆ ಬರೆದದ್ದನ್ನು ನಾನು ಕಾಲೇಜಿನ ದಿನಗಳಿಂದ ನೋಡುತ್ತ ಬಂದಿದ್ದೇನೆ. ಅದು ಅಂತಿಮವಾದರೆ ನಿಪ್ಪಾಣಿ ಹೋಗುತ್ತದೆ, ಖಾನಾಪುರ, ನಂದಗಡ ಹೋಗುತ್ತವೆ. ಸಂಗೊಳ್ಳಿ ರಾಯಣ್ಣನನ್ನು ನೇಣಿಗೆ ಹಾಕಿದ ನಂದಗಡ! ಘೋಷಣೆ ಕೂಗುವವರಿಗೆ ಇದು ಗೊತ್ತಿದೆಯೇ ಅಂತ ಒಂದು ಸಲ ಪುಣೆಯ ರಾಜ್ಯೋತ್ಸವದಲ್ಲಿ ನಾನು ಕೇಳಿದ್ದಕ್ಕೆ ಒಬ್ಬ ಹಿರಿಯರು, ‘ನೀವು ಯಾವ ಕಡೆಯವರ್ರೀ?’ ಅಂದರು. ನಾನು ಇಂಡಿ ತಾಲೂಕಿನವನು ಅಂದೆ.

ಇಂಡಿಯಿಂದ ಭೀಮಾ ನದಿ ದಾಟಿದರೆ ಸೊಲ್ಲಾಪುರ ಜಿಲ್ಲೆ. ನಮ್ಮ ಕಡೆಯವರಿಗೆ ಪೇಟೆ ಅಂದರೆ ಆಗ ಸೊಲ್ಲಾಪುರವೇ. ಸೊನ್ನಲಿಗೆಯ ಸಿದ್ಧರಾಮನ ಊರು, ಕನ್ನಡ, ಮರಾಠಿ, ತೆಲುಗು ಮೂರೂ ಒಂದೇ ಓಣಿಯಲ್ಲಿ ಕೇಳುವ ಗಿರಣಿ ಊರು. 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನಕ್ಕೆ ಮೊದಲ ಮಹಿಳಾ ಅಧ್ಯಕ್ಷರಾದ ಜಯದೇವಿ ತಾಯಿ ಲಿಗಾಡೆಯವರು ಈ ಊರಿನವರು. ಬ್ಯಾಂಕು ನನ್ನನ್ನು ಈ ಜಿಲ್ಲೆಗೆ ಎರಡು ಸಲ ಕಳಿಸಿತು, ಒಂದು ಸಲ ಅಕ್ಕಲಕೋಟೆ ತಾಲೂಕಿಗೆ. 1989ರಲ್ಲಿ ಸೇವಾ ಕ್ಷೇತ್ರ ಪದ್ಧತಿ ಬಂದು ಪ್ರತಿ ಶಾಖೆಗೂ ಇಷ್ಟು ಹಳ್ಳಿ ಅಂತ ಹಂಚಿಕೊಟ್ಟಿದ್ದರು. ಸಂತೆಗೆ ಹತ್ತಿರದ ಶಾಖೆ ನದಿಯ ಆಚೆ ಇದ್ದರೂ ರೈತ ಸಾಲಕ್ಕೆ ಈಚೆಗೇ ಬರಬೇಕು. ದೇಶದ ಗಡಿ ಗೆರೆ ಬ್ಯಾಂಕಿನ ರಿಜಿಸ್ಟರಿನಲ್ಲಿ ಇಷ್ಟು ಸಣ್ಣದಾಗಿ ಬಂದು ಕೂತದ್ದನ್ನು ನಾನು ಅಲ್ಲಿ ಕಂಡೆ.

ಹಳೆಯ ಮುಂಬಯಿ ಪ್ರಾಂತದಲ್ಲಿ ಬಿಜಾಪುರಕ್ಕೂ ಸೊಲ್ಲಾಪುರಕ್ಕೂ ಒಂದೇ ಕಂದಾಯ ಕಾನೂನು, 1879ರದು. ಆಮೇಲೆ ನಮ್ಮಲ್ಲಿ 1964ರ ಕಾಯಿದೆ, ಅಲ್ಲಿ 1966ರದು. ಎರಡೂ ಕಡೆ ರೈತ ಅದನ್ನು ಉತಾರ ಅಂತಲೇ ಕರೆಯುತ್ತಾನೆ. ಈಚೆ ಪಹಣಿ ಕನ್ನಡದಲ್ಲಿ, ಆಚೆ ಸಾತ್‌ಬಾರಾ ಮರಾಠಿಯಲ್ಲಿ. ಅಕ್ಕಲಕೋಟೆ ತಾಲೂಕಿನ ಒಬ್ಬ ಅಜ್ಜ ಬೆಳೆಸಾಲಕ್ಕೆ ಬಂದಿದ್ದ. ಉತಾರದಲ್ಲಿ ಹೆಸರು ಒಂದು ಥರ, ಶಾಲೆಯ ದಾಖಲೆಯಲ್ಲಿ ಇನ್ನೊಂದು ಥರ, ಇಂಡಿಯ ಕಡೆ ಹೆಂಡತಿಯ ಪಾಲಿಗೆ ಬಂದ ಎರಡು ಎಕರೆಯ ಪಹಣಿಯಲ್ಲಿ ಮೂರನೆಯ ಥರ. ‘ಸಾಹೇಬ್ರ, ಉತಾರದಾಗ ನಮ್ಮಪ್ಪನ ಹೆಸರು ಹೆಂಗ ಬರದಾರ ನೋಡ್ರಿ. ಅವಾ ಎದ್ದು ಬಂದ್ರೂ ಇದು ನಂದಲ್ಲ ಅಂತಾನ’ ಅಂದ. ನಾವು ನಕ್ಕೆವು. ಆದರೆ ಅವನು ಮೂರೂ ಹೆಸರು ಒಬ್ಬನವೇ ಅಂತ ಸ್ಟಾಂಪು ಕಾಗದದ ಮೇಲೆ ಪ್ರಮಾಣ ಮಾಡಿಸಿಕೊಂಡು ಬರಬೇಕಾಯಿತು. ಅದು ಬರುವ ಹೊತ್ತಿಗೆ ಬಿತ್ತನೆಯ ಹದ ಹೋಗಿತ್ತು. ಆ ವರ್ಷ ಅವನು ಸಾವಕಾರನ ಹತ್ತಿರ ತೆಗೆದ ಸಾಲದ ಬಡ್ಡಿ ಯಾವ ಆಯೋಗದ ಲೆಕ್ಕದಲ್ಲಿಯೂ ಬರುವುದಿಲ್ಲ.

ಇನ್ನೊಂದು ಲೆಕ್ಕ ಹೇಳುತ್ತೇನೆ. 2017ರಲ್ಲಿ ಎರಡೂ ರಾಜ್ಯ ಸಾಲ ಮನ್ನಾ ಸಾರಿದವು. ಮಹಾರಾಷ್ಟ್ರದ್ದು ಒಂದೂವರೆ ಲಕ್ಷದ ತನಕ, ವಾಣಿಜ್ಯ ಬ್ಯಾಂಕಿನ ಸಾಲಕ್ಕೂ ಸೇರಿ. ಕರ್ನಾಟಕದ್ದು ಐವತ್ತು ಸಾವಿರದ ತನಕ, ಸಹಕಾರಿ ಸಂಘದ ಸಾಲಕ್ಕೆ ಮಾತ್ರ. ಮರುವರ್ಷ ಕರ್ನಾಟಕ ವಾಣಿಜ್ಯ ಬ್ಯಾಂಕುಗಳನ್ನೂ ಸೇರಿಸಿತು. ಭೀಮೆಯ ಎರಡು ದಂಡೆಯಲ್ಲಿ ಒಂದೇ ಬರ, ಒಂದೇ ತೊಗರಿ, ಒಂದೇ ಮನೆಯ ಅಣ್ಣ ತಮ್ಮಂದಿರು. ಅಣ್ಣನ ಸಾಲಕ್ಕೆ ಒಂದು ನ್ಯಾಯ, ತಮ್ಮನ ಸಾಲಕ್ಕೆ ಇನ್ನೊಂದು. ಆ ವರ್ಷ ಕನ್ನಡ ಮಾತಾಡುವ ಮಹಾರಾಷ್ಟ್ರದ ರೈತನನ್ನು ನೀನು ಯಾವ ರಾಜ್ಯಕ್ಕೆ ಸೇರಬೇಕು ಅಂತ ಕೇಳಿದ್ದರೆ ಏನು ಹೇಳುತ್ತಿದ್ದನೋ! ಜತ್ತ ತಾಲೂಕಿನ ಹಳ್ಳಿಗಳು ಕರ್ನಾಟಕಕ್ಕೆ ಸೇರುತ್ತೇವೆ ಅಂತ ಠರಾವು ಮಾಡಿದ್ದ ಮಾತು 2022ರ ನವೆಂಬರಿನಲ್ಲಿ ಮತ್ತೆ ಎದ್ದಿತಲ್ಲ, ನಮ್ಮ ಪತ್ರಿಕೆಗಳು ಅದನ್ನು ಕನ್ನಡಾಭಿಮಾನ ಅಂತ ಬರೆದವು. ಆ ಠರಾವಿನ ಬೇರು ನೀರಿನಲ್ಲಿತ್ತು. ಜತ್ತ ಮಳೆ ನೆರಳಿನ ನಾಡು, ಕುಡಿಯಲು ನೀರು ಕೊಡುವವರ ಕಡೆಗೆ ನಾವು ಅಂದರು ಅವರು. ಅಣೆಕಟ್ಟಿನ ಸಲುವಾಗಿ ಹೊಸಪೇಟೆಯನ್ನೇ ಕೊಡಹೊರಟ ಆಯೋಗ, ನೀರಿಲ್ಲದ ತಾಲೂಕಿನವರಿಗೆ ಗಡಿ ಅಂದರೆ ಏನು ಅನ್ನುವುದನ್ನು ಯೋಚಿಸಿದ್ದರೆ ಚೆನ್ನಾಗಿತ್ತು.

ವರದಿ ಬಂದ 1955ರಲ್ಲೇ ಅಂಬೇಡ್ಕರರು ಅದಕ್ಕೆ ಉತ್ತರವಾಗಿ ಒಂದು ಸಣ್ಣ ಪುಸ್ತಕ ಬರೆದರು, ಭಾಷಾವಾರು ರಾಜ್ಯಗಳ ಕುರಿತ ವಿಚಾರಗಳು. ನನ್ನ ಮಟ್ಟಿಗೆ ಈ ವರದಿಗೆ ಬಂದ ಒಳ್ಳೆಯ ವಿಮರ್ಶೆ ಅದು. ಒಂದು ರಾಜ್ಯಕ್ಕೆ ಒಂದು ಭಾಷೆ ಇರಲಿ, ಆದರೆ ಒಂದು ಭಾಷೆಗೆ ಒಂದೇ ರಾಜ್ಯ ಇರಬೇಕಾಗಿಲ್ಲ ಅನ್ನುವುದು ಅವರ ವಾದ. ಉತ್ತರವನ್ನು ದೊಡ್ಡದಾಗಿ ಬಿಟ್ಟು ದಕ್ಷಿಣವನ್ನು ತುಂಡು ಮಾಡಿದ್ದೀರಿ, ಉತ್ತರ ಪ್ರದೇಶವನ್ನು ಮೂರು ಮಾಡಿ, ಬಿಹಾರವನ್ನು ಎರಡು ಮಾಡಿ, ಮಧ್ಯಪ್ರದೇಶವನ್ನು ಎರಡು ಮಾಡಿ ಅಂದರು. 2000ದಲ್ಲಿ ಜಾರ್ಖಂಡ, ಛತ್ತೀಸಗಡ, ಉತ್ತರಾಖಂಡ ಆದಾಗ ಆ ಪುಸ್ತಕಕ್ಕೆ 45 ವರ್ಷ. ಆಯೋಗಕ್ಕೂ ಒಂದು ಮಾತಿನಲ್ಲಿ ಜಯ ಸಿಕ್ಕಿತೆನ್ನಿ. ತೆಲಂಗಾಣ ಬೇರೆಯೇ ಇರಲಿ, 1961ರ ಸುಮಾರಿನ ಚುನಾವಣೆಯ ನಂತರ ಅಲ್ಲಿನ ಶಾಸಕರ ಮೂರನೇ ಎರಡು ಭಾಗ ಒಪ್ಪಿದರೆ ಮಾತ್ರ ಆಂಧ್ರದೊಡನೆ ಸೇರಲಿ ಅಂದಿತ್ತು. ಕೇಳಲಿಲ್ಲ, 2014ರಲ್ಲಿ ಮತ್ತೆ ಬೇರೆಯಾಯಿತು. ಆದರೆ ಅಂಬೇಡ್ಕರರ ಪುಸ್ತಕ ರಾಜ್ಯದ ಗಾತ್ರದ ಮೇಲೆ ಕಣ್ಣಿಟ್ಟದ್ದು, ಅಂಚಿನ ತಾಲೂಕುಗಳ ಕಡೆಗೆ ಅಷ್ಟು ನೋಡಲಿಲ್ಲ.

ವರದಿಯಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅದರ ಗಡಿಗಳಲ್ಲ. ಇಂಥ ನಾಡು ಇಂಥ ಭಾಷೆಯವರ ಮನೆ, ಉಳಿದವರು ಅಲ್ಲಿ ಬಿಡಾರದವರು ಅನ್ನುವ ಭಾವನೆಯನ್ನು ಅದು ಹೆಸರು ಹಿಡಿದು ತಳ್ಳಿಹಾಕಿತು. ದೇಶದ ಯಾವ ಮೂಲೆಯಲ್ಲಿಯೂ ಪ್ರಜೆಗೆ ಸಮಾನ ಹಕ್ಕು ಅನ್ನುವ ಸಂವಿಧಾನದ ಮಾತಿಗೆ ಅದು ವಿರುದ್ಧ ಅಂದಿತು. ನೌಕರಿಗೆ ಇಂತಿಷ್ಟು ವರ್ಷ ಇಲ್ಲೇ ವಾಸ ಮಾಡಿರಬೇಕು ಅನ್ನುವ ನಿಯಮಗಳನ್ನೂ ಟೀಕಿಸಿತು. 1957ರಲ್ಲಿ ಆ ಬಗ್ಗೆ ಒಂದು ಕೇಂದ್ರ ಕಾಯಿದೆಯೂ ಬಂತು. ಹೊರನಾಡಿನಲ್ಲಿ ನಾಲ್ಕು ದಶಕ ಬಾಳಿದ ನನಗೆ ಈ ಪುಟಗಳು ಯಾವ ಕಾಸರಗೋಡಿಗಿಂತಲೂ ದೊಡ್ಡವು. ಊರ ಕಡೆಯಲ್ಲಿ ಇವನ್ನು ಯಾರೂ ಉದ್ಧರಿಸುವುದಿಲ್ಲ. ಏಕೆಂದರೆ ಇವು ಪುಣೆಯಲ್ಲಿ ನನ್ನನ್ನು ಕಾಯುವ ಹಾಗೆಯೇ ಬೆಂಗಳೂರಿನಲ್ಲಿ ತಮಿಳರನ್ನು, ಬೆಳಗಾವಿಯಲ್ಲಿ ಮರಾಠಿಗರನ್ನು ಕಾಯುತ್ತವೆ. ಬೇಕಾದ ಪುಟ ಹರಿದುಕೊಂಡು ಉಳಿದದ್ದನ್ನು ಬಿಡುವುದು ನಮಗೂ ರೂಢಿ, ಅವರಿಗೂ ರೂಢಿ.

ಆ ಭಾಗದಿಂದ ಸಂವಿಧಾನಕ್ಕೆ ದಕ್ಕಿದ್ದು ಎರಡು ವಿಧಿಗಳು, 1956ರ ಏಳನೆಯ ತಿದ್ದುಪಡಿಯಲ್ಲಿ. ಒಂದು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ತಕ್ಕ ಅನುಕೂಲ ಒದಗಿಸಲು ರಾಜ್ಯ ಪ್ರಯತ್ನಿಸಬೇಕು. ಇನ್ನೊಂದು, ಇದನ್ನೆಲ್ಲ ನೋಡಿ ರಾಷ್ಟ್ರಪತಿಗಳಿಗೆ ವರದಿ ಒಪ್ಪಿಸಲು ಒಬ್ಬ ವಿಶೇಷ ಅಧಿಕಾರಿ. ಪ್ರಯತ್ನಿಸಬೇಕು ಅನ್ನುವ ಕ್ರಿಯಾಪದವನ್ನು ನಾವು ಬ್ಯಾಂಕಿನಲ್ಲಿ ಯಾವ ಕರಾರುಪತ್ರದಲ್ಲಿಯೂ ಬಿಟ್ಟವರಲ್ಲ. ವಿಶೇಷ ಅಧಿಕಾರಿಗೆ ವರದಿ ಬರೆಯುವ ಅಧಿಕಾರವಿದೆ, ಮಾಡಿಸುವ ಅಧಿಕಾರವಿಲ್ಲ. ಇನ್ನು ಶೇಕಡಾ ಎಪ್ಪತ್ತರ ನಿಯಮ? ಅದನ್ನು ಜಿಲ್ಲೆಯ ಮಟ್ಟದಲ್ಲಿ ಹೇಳಿದ್ದಾರೆ. ಅಕ್ಕಲಕೋಟೆಯ, ಜತ್ತದ ಕನ್ನಡಿಗ ತನ್ನ ಹಳ್ಳಿಯಲ್ಲಿ ನೂರಕ್ಕೆ ತೊಂಬತ್ತಿರಬಹುದು, ಇಡೀ ಜಿಲ್ಲೆಯ ಲೆಕ್ಕದಲ್ಲಿ ಕರಗಿಹೋಗುತ್ತಾನೆ. ಮಂಜೇಶ್ವರದವನೂ ಅಷ್ಟೇ, ಆದವಾನಿಯವನೂ ಅಷ್ಟೇ. ನಿಯಮ ಬರೆದವರು ಗಡಿಯಲ್ಲಿ ಉಳಿದುಹೋಗುವವರ ಸಲುವಾಗಿಯೇ ಅದನ್ನು ಬರೆದದ್ದು, ಆದರೆ ಗಡಿಯವರು ಇರುವುದೇ ಜಿಲ್ಲೆಯ ಅಂಚಿನಲ್ಲಿ, ನಡುವೆ ಅಲ್ಲ. ತಾಲೂಕು ಅಂತ ಒಂದು ಶಬ್ದ ಅಲ್ಲಿ ಹಾಕಿದ್ದರೆ ಸಾಕಿತ್ತು. ಕಾಸರಗೋಡನ್ನು ಕೊಡುವಾಗ ಆ ಶಬ್ದ ಅವರಿಗೆ ಗೊತ್ತಿತ್ತು.